ಒಡೆಲ್ ಗೇನ್ಸ್ ಮಾಡಿದ ಇಪ್ಪತ್ತು ಚೀಟಿ

ನಮ್ಮ ಜೈಲಿನಲ್ಲಿ ದಾಳ ನಿಷಿದ್ಧ. ಕೈಗೆ ಸಿಕ್ಕರೆ ಜೂಜಾಡುತ್ತೇವಂತೆ. ಅದಕ್ಕೇ ಒಡೆಲ್ ಗೇನ್ಸ್ ಸೋಪಿನ ಡಬ್ಬಿಯ ರಟ್ಟನ್ನು ಉಗುರಿನಲ್ಲಿ ಗೀರಿ, ಹರಿದು, ಇಪ್ಪತ್ತು ಚೀಟಿ ಮಾಡಿದ್ದ. ಒಂದರಿಂದ ಇಪ್ಪತ್ತರವರೆಗೆ ಅಂಕಿ. ಕಾಫಿ ಲೋಟದಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತಿದರೆ ಅದೇ ನಮ್ಮ ದಾಳ. ದೊಡ್ಡ ಅಂಕಿ ಬಂದರೆ ಬಚಾವು, ಸಣ್ಣದು ಬಂದರೆ ಗಂಡಾಂತರ.

ಕಥೆ ಹೇಳಿ ಆಟ ನಡೆಸುವವನು ನಾನು, ಪ್ರೂಯಿಟ್. ಸೇತುವೆ ಮುರಿದಿದೆ, ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಚೀಟಿ ಹೇಳಬೇಕು. ಒಡೆಲ್‌ನ ಪಾತ್ರ ಮಾರೆನ್, ಒಂಟಿಗೈಯ ದೋಣಿಯವಳು. ಎಂಟು ವರ್ಷದಿಂದ ಅವಳನ್ನೇ ಆಡುತ್ತಿದ್ದ. ಇನ್ನೊಬ್ಬ ಆಟಗಾರ ಟಾವೊ ರೆಂಟೆರಿಯಾ. ಅವನ ನಾಲಿಗೆಗೆ ಮಾತ್ರ ಈ ಜೈಲಿನಲ್ಲಿ ಬೀಗವಿರಲಿಲ್ಲ.

ಒಡೆಲ್ ಒಳಗೆ ಬಂದು ಮೂವತ್ತನಾಲ್ಕು ವರ್ಷ. ಎರಡೂ ಕಣ್ಣಿಗೆ ಪೊರೆ. ಒಂದರಲ್ಲಿ ಗೋಡೆ ಯಾವುದು ಬಾಗಿಲು ಯಾವುದು ಎಂದು ಗೊತ್ತಾದರೆ ಆಪರೇಷನ್ ಬೇಡ ಎನ್ನುವುದು ಇಲ್ಲಿಯ ವೈದ್ಯಶಾಸ್ತ್ರ. ಖೈದಿಗೆ ಇನ್ನೇನು ನೋಡಬೇಕಿದೆ?

ಆ ಬೆಳಗ್ಗೆ ಅವನ ಐದನೇ ಪೆರೋಲ್ ವಿಚಾರಣೆ. ಟೀವಿ ಪರದೆಯ ಮೇಲೆ ಮೂರು ಮುಖ, ಹನ್ನೊಂದು ನಿಮಿಷ. ಅವನು ಬಾಯಿಪಾಠ ಮಾಡಿಕೊಂಡು ಹೋಗಿದ್ದು ಅರ್ಧಕ್ಕೆ ಬರುವ ಮೊದಲೇ ಬಿಡುಗಡೆ ಇಲ್ಲವೆಂದಾಯಿತು. ಕಾರಣ, ಅಪರಾಧದ ಸ್ವರೂಪ. ಅಪರಾಧದ ಸ್ವರೂಪ ಮೂವತ್ತನಾಲ್ಕು ವರ್ಷದಿಂದ ಅದೇ ಇದೆ, ಮುಂದೆಯೂ ಅದೇ ಇರುತ್ತದೆ. ಬದಲಾಗುವುದು ಮನುಷ್ಯ. ಅವನನ್ನು ನೋಡಲು ಅವರು ಕುಳಿತಿರಲಿಲ್ಲ.

ಮಧ್ಯಾಹ್ನ ಒಡೆಲ್ ಊಟ ಮುಗಿಸಿ ಬಂದು ಮೇಜಿಗೆ ಕುಳಿತ.

"ಏನಂದ್ರು ತಾತ?" ಎಂದ ಟಾವೊ.

"ಇನ್ನೂ ಐದು ವರ್ಷ ನಿನ್ನ ಮುಖ ನೋಡ್ಬೇಕಂತೆ."

"ನಿಂಗೆಲ್ಲಿ ಕಾಣುತ್ತೆ? ನೋಡೋ ಶಿಕ್ಷೆ ನಂದು."

ಒಡೆಲ್ ನಕ್ಕ. ನಗು ಬೇಗ ಬತ್ತಿತು. "ಮಾರೆನ್ ಎಲ್ಲಿದ್ಲು?"

"ಪ್ರವಾಹದ ನಡುವೆ," ಎಂದೆ. "ದೋಣಿ ಮಗುಚಿದೆ. ಕೈಯಲ್ಲಿ ದಡದ ಹಗ್ಗ ಇದೆ. ಎಂಟು ಅಥವಾ ಮೇಲೆ ಬಂದ್ರೆ ದಡ. ಕೆಳಗೆ ಬಂದ್ರೆ ಮುಳುಗ್ತಾಳೆ."

ಅವನು ಲೋಟಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಗಾರ್ಡ್ ಬಂದ. "ಏನ್ರೋ ಇದು, ಜೂಜಾ?" ಎಂದು ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಾಸು, ಗುಳಿಗೆ ಏನೂ ಸಿಗದೆ ಚೀಟಿಗಳನ್ನು ನೆಲಕ್ಕೆ ತಳ್ಳಿ ಹೋದ.

ಒಡೆಲ್ ಮಂಡಿಯೂರಿ ಆರಿಸತೊಡಗಿದ. ನಾವು ಬಗ್ಗಿದರೆ, ಬೇಡ, ನಾನು ಮಾಡಿದ್ದು ನನಗೆ ಗೊತ್ತು ಎಂದ. ಬೆರಳಿನಲ್ಲಿ ಮುಟ್ಟಿ ಮುಟ್ಟಿ ಎಣಿಸಿದ. ಹದಿಮೂರು. ಮತ್ತೆ ಎಣಿಸಿದ. ಮೇಜಿನ ಕೆಳಗೆ ತೆವಳಿದ, ಬೆಂಚಿನ ಕಾಲುಗಳ ಸುತ್ತ ಅಂಗೈ ಸವರಿದ, ಯಾರೋ ಉಗಿದಿದ್ದನ್ನೂ ಮುಟ್ಟಿ ಅಂಗಿಗೆ ಒರೆಸಿಕೊಂಡ. ಉಳಿದ ಏಳು ನನ್ನ ಕಾಲುಚೀಲದಲ್ಲಿದ್ದವು. ಒಂದರಿಂದ ಏಳು. ಬೆಳಗ್ಗೆ ಗಾರ್ಡ್‌ಗಳ ಬಾಯಲ್ಲಿ ಪೆರೋಲ್ ಸುದ್ದಿ ಕೇಳಿದಾಗಲೇ ತೆಗೆದಿಟ್ಟಿದ್ದೆ, ಇವತ್ತೊಂದು ದಿನ ಅವಳು ಸಾಯದಿರಲಿ ಎಂದು.

ಅರವತ್ತೆಂಟು ವರ್ಷದ ಮನುಷ್ಯ ನೆಲದ ಮೇಲೆ ತೆವಳುವುದನ್ನು ನೋಡುತ್ತಾ ಎಷ್ಟು ಹೊತ್ತು ಸುಮ್ಮನಿದ್ದೆನೋ.

"ಒಡೆಲ್, ಎದ್ದೇಳು. ಉಳಿದವು ನನ್ ಹತ್ರ ಇವೆ."

ಅವನು ಏಳಲಿಲ್ಲ. ಅಲ್ಲಿಂದಲೇ ಕೇಳಿದ: "ಯಾವ್ಯಾವ್ದು?"

"ಸಣ್ಣವು."

"ಇವತ್ತೊಂದೇ ದಿನಾನಾ?"

ಸುಳ್ಳು ಹೇಳಬಹುದಿತ್ತು. "ಅಲ್ಲ."

ಹೊರಗಿದ್ದಾಗ, ಸ್ಯಾಗಿನಾ ಊರಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಗೆಳೆಯರಿಗೆ ಆಡಿಸುವಾಗಲೂ, ರಟ್ಟಿನ ಮರೆಯಲ್ಲಿ ದಾಳ ಉರುಳಿಸಿ ಬಿದ್ದದ್ದೊಂದು ಹೇಳಿದ್ದೊಂದು ಮಾಡುತ್ತಿದ್ದೆ. ಆಟ ಕೆಡದಿರಲಿ ಎಂದು. ಅದಕ್ಕೆ ನಾನು ಕೊಟ್ಟುಕೊಂಡಿದ್ದ ಹೆಸರು ದಯೆ.

"ಅದಕ್ಕೇನೀಗ?" ಟಾವೊ ರೇಗಿದ. "ನನ್ನ ಬದುಕಲ್ಲೂ ಯಾರಾದ್ರೂ ಕೆಟ್ಟ ಚೀಟಿ ಎತ್ತಿಟ್ಟಿದ್ರೆ ಕಾಲಿಗೆ ಬೀಳ್ತಿದ್ದೆ. ಆಟ ತಾತ, ಬರೀ ಆಟ!"

ಒಡೆಲ್ ಬೆಂಚು ಹಿಡಿದು ಎದ್ದ. "ನರಭಕ್ಷಕನ ಗುಹೆಯಿಂದ ಅವಳು ಹೊರಗೆ ಬಂದ್ಲಲ್ಲ, ಅದು ಅವಳು ಗೆದ್ದಿದ್ದಾ, ನೀನು ಕೊಟ್ಟಿದ್ದಾ?"

"ನೆನಪಿಲ್ಲ."

"ಜ್ವರದಿಂದ ಉಳಿದಿದ್ದು?"

ನಾನು ಕಾಲುಚೀಲದಿಂದ ಚೀಟಿಗಳನ್ನು ತೆಗೆದು ಅಂಗೈಯಲ್ಲಿ ಹಿಡಿದೆ.

"ಬೆಳಗ್ಗೆ ಅಲ್ಲಿ ಮೂರು ಜನ ನಾನು ಬಾಯಿ ತೆಗೆಯೋಕೆ ಮುಂಚೆ ಬರೆದಿಟ್ಕೊಂಡಿದ್ರು. ನಾನೇನು ಹೇಳಿದ್ರೂ ಅಷ್ಟೇ." ಅವನ ದನಿ ಏರಲಿಲ್ಲ. "ಈ ಮೇಜಲ್ಲಿ ಹಾಗಿಲ್ಲ ಅಂದ್ಕೊಂಡಿದ್ದೆ ಪ್ರೂಯಿಟ್. ಇಲ್ಲಿ ಯಾರೂ ಮೊದಲೇ ಬರೆದಿಡಲ್ಲ ಅಂತ. ನೀನು ಒಳ್ಳೇದು ಬರೆದಿಟ್ಟೆ, ಅವರು ಕೆಟ್ಟದ್ದು. ನನ್ನನ್ನ ಕೇಳಿದವರು ಯಾರು? ಏಳನ್ನೂ ಹಾಕು."

ಹಾಕಿದೆ. ಅವನೇ ಕುಲುಕಿದ, ಅವನೇ ಎತ್ತಿದ. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ, ಓದಲಾಗಲಿಲ್ಲ. ನನಗೆ ಕೊಟ್ಟ. ಬೇರೆ ದಾರಿ ಅವನಿಗಿರಲಿಲ್ಲ.

ಆರು.

ಟಾವೊ ನನ್ನ ಭುಜದ ಮೇಲಿಂದ ನೋಡಿದ. ತುಟಿ ಅಲ್ಲಾಡಿಸದೆ, ಕಣ್ಣಿನಲ್ಲೇ ಬೇಡಿಕೊಂಡ. ಹದಿನಾರು ಎಂದರೆ ಮುಗಿಯುತ್ತಿತ್ತು. ಮುದುಕನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

"ಆರು," ಎಂದೆ.

ಒಡೆಲ್ ತಲೆಯಾಡಿಸಿದ. ಅಂಗೈಗಳನ್ನು ಮೇಜಿನ ಮೇಲೆ ಒತ್ತಿಟ್ಟುಕೊಂಡ.

"ಹೇಗೆ ಸತ್ಲು ಹೇಳು. ಅವಸರ ಬೇಡ."

ಹೇಳತೊಡಗಿದೆ. ನೀರಿನ ಬಣ್ಣ ಹೇಳಿದೆ. ಹಗ್ಗ ಸುತ್ತಿಕೊಂಡ ಮಣಿಕಟ್ಟು ಹೇಗೆ ಸೀಳಿತೆಂದು ಹೇಳಿದೆ. ಅಷ್ಟರಲ್ಲಿ ಖೈದಿಗಳ ಎಣಿಕೆಯ ಗಂಟೆ ಹೊಡೆಯಿತು. ಎಲ್ಲರೂ ತಂತಮ್ಮ ಕೋಣೆಯ ಕಂಬಿಯ ಮುಂದೆ ನಿಲ್ಲಬೇಕು. ನಿಲ್ಲದವನಿಗೆ ಹತ್ತು ದಿನ ಒಂಟಿ ಕೋಣೆ. ಟಾವೊ ಎದ್ದ. ನಾನೂ ಎದ್ದೆ.

"ಗೇನ್ಸ್! ಎದ್ದೇಳು!" ಗಾರ್ಡ್ ಕೂಗಿದ.

"ಮುಗಿಸು ಪ್ರೂಯಿಟ್," ಎಂದ ಒಡೆಲ್, ಕುಳಿತಲ್ಲಿಂದಲೇ. "ಅವಳಿನ್ನೂ ನೀರಲ್ಲಿದಾಳೆ."

ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ನಾನು ಕಂಬಿಯ ಮುಂದೆ ನಿಂತುಕೊಂಡೇ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಅವಳನ್ನು ಮುಳುಗಿಸಿದೆ.