ಗಾಜಿನ ಮಾಡಿನ ಮಗು

ನಾನು ಒಂದು ಕಟ್ಟಡ. ಅಮೆರಿಕದ ಅಯೋವಾ ರಾಜ್ಯದಲ್ಲಿ, ನದಿಯೊಂದು ಮೊಣಕೈಯಂತೆ ಬಾಗುವ ಕಡೆ, ಕಾಟನ್‌ವುಡ್ ಬೆಂಡ್ ಎಂಬ ಸಣ್ಣ ಪಟ್ಟಣವಿದೆ. ಅದರ ಮುಖ್ಯ ಬೀದಿಯಲ್ಲಿ ನಾನು ನಿಂತಿದ್ದೇನೆ.

ನನಗಿಂತ ಮೊದಲು ಆ ಬೀದಿಯಲ್ಲಿದ್ದ ಅಂಗಡಿಗಳೆಲ್ಲ ಮರದವು. ಒಂದು ಶರತ್ಕಾಲದಲ್ಲಿ ಬೆಂಕಿ ಬಿದ್ದು ಬೀದಿಗೆ ಬೀದಿಯೇ ಉರಿದುಹೋಯಿತು. ಇನ್ನು ಮರ ಬೇಡವೆಂದು ಊರಿನವರು ನದಿದಂಡೆಯ ಮಣ್ಣು ಅಗೆದು ಇಟ್ಟಿಗೆ ಸುಟ್ಟರು. ಹಾಗಾಗಿ ನನ್ನ ಮೈಯೆಲ್ಲ ನದಿಯ ಮಣ್ಣು. ಅದರೊಳಗೆ ಸಣ್ಣ ಕಪ್ಪೆಚಿಪ್ಪುಗಳಿವೆ, ಯಾವ ಪ್ರಾಣಿಯದೆಂದು ತಿಳಿಯದ ಮೂಳೆಯ ಚೂರುಗಳೂ ಇವೆ. ಮುಂಭಾಗದ ಎರಕದ ಕಬ್ಬಿಣದ ಕಂಬಗಳು ರೈಲಿನಲ್ಲಿ ಬಂದವು. ಹಣೆಯ ಮೇಲೆ ತಗಡಿನ ಅಂಚು ಕೂರಿಸಿ, ಕಲ್ಲಿನಂತೆ ಕಾಣಲಿ ಎಂದು ಬೂದುಬಣ್ಣ ಬಳಿದರು. ಕಮಾನಿನ ಕಿಟಕಿಗಳ ಮೇಲೆ ಯಜಮಾನನ ಹೆಸರು ಕೊರೆದರು: ಬ್ರೆನೆಕೆ.

ಆಟೋ ಬ್ರೆನೆಕೆ ಜರ್ಮನಿಯಿಂದ ಬಂದವನು. ಕೆಳಗಿನ ಅಂತಸ್ತಿನಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುತ್ತಿದ್ದ. ಮೇಲಿನ ಅಂತಸ್ತನ್ನು ಲಿಯಾಂಡರ್ ಪ್ರೂಯಿಟ್ ಎಂಬ ಫೋಟೋಗ್ರಾಫರನಿಗೆ ಬಾಡಿಗೆಗೆ ಕೊಟ್ಟ. ಅವನಿಗೋಸ್ಕರವೇ ನನ್ನ ಹಿಂಭಾಗದ ಮಾಡನ್ನು ಉತ್ತರಕ್ಕೆ ಓರೆ ಮಾಡಿ, ಪೂರ್ತಿ ಗಾಜು ಹಾಕಿದರು. ಉತ್ತರದ ಬೆಳಕು ಮೆತ್ತಗಿರುತ್ತದೆ, ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ. ನಡುಬೇಸಿಗೆಯ ಕೆಲವು ವಾರ ಮಾತ್ರ ಸೂರ್ಯ ನೆತ್ತಿಗೇರಿ ಬಂದು, ಮಧ್ಯಾಹ್ನ ಆ ಗಾಜಿನೊಳಗೆ ಇಣುಕುತ್ತಿದ್ದ.

ಪ್ರೂಯಿಟ್ ಗಾಜಿನ ಫಲಕಗಳ ಮೇಲೆ ಚಿತ್ರ ಹಿಡಿಯುತ್ತಿದ್ದ. ಆ ಫಲಕದಲ್ಲಿ ಎಲ್ಲ ತಿರುವುಮುರುವು. ಬಿಳಿಯ ಮುಖ ಕಪ್ಪಾಗಿ, ಕರಿಯ ಉಡುಪು ಬೆಳ್ಳಗೆ ಮೂಡುತ್ತದೆ. ಅದರಿಂದ ಕಾಗದದ ಮೇಲೆ ಅಚ್ಚು ತೆಗೆದಾಗ ಮತ್ತೆ ಸರಿಯಾಗುತ್ತದೆ. ಊರಿನವರೆಲ್ಲ ನನ್ನ ಮೆಟ್ಟಿಲು ಹತ್ತಿದರು. ಮದುಮಕ್ಕಳು ಬಂದರು, ಅಗ್ನಿಶಾಮಕ ದಳದವರು ಬಂದರು, ಬಹುಮಾನ ಗೆದ್ದ ಹಂದಿಯೊಂದನ್ನೂ ಹತ್ತಿಸಿ ತಂದರು. "ಕದಲಬೇಡಿ, ಉಸಿರು ಹಿಡೀರಿ" ಎಂದು ಪ್ರೂಯಿಟ್ ಹೇಳುತ್ತಿದ್ದ. ಎಲ್ಲರೂ ಉಸಿರು ಹಿಡಿದ ಆ ಗಳಿಗೆಯಲ್ಲಿ ನನ್ನೊಳಗೆ ಯಾರೂ ಇಲ್ಲವೇನೋ ಎನ್ನಿಸುತ್ತಿತ್ತು.

ಒಂದು ಚಳಿಗಾಲ ಊರಿಗೆ ಗಂಟಲುಮಾರಿ ಬಂತು. ಮಕ್ಕಳು ಸಾಯತೊಡಗಿದರು. ಆ ಕಾಲದಲ್ಲಿ ಬದುಕಿದ್ದಾಗ ಮಕ್ಕಳ ಫೋಟೋ ತೆಗೆಸಿದವರು ಕಡಿಮೆ. ಹೂಳುವ ಮುಂಚೆ ಒಂದು ಚಿತ್ರವಾದರೂ ಇರಲಿ ಎಂದು ಎತ್ತಿಕೊಂಡು ಬರುತ್ತಿದ್ದರು. ಹಾಗೆ ಬಂದವಳು ನೆಟ್ಟಿ ಸ್ಲೋನ್, ಹಿಟ್ಟಿನ ಗಿರಣಿಯ ಕೆಲಸಗಾರನ ಹೆಂಡತಿ. ಶಾಲಿನಲ್ಲಿ ಸುತ್ತಿದ ಮಗಳ ಹೆಸರು ಓಪಲ್. ಆಗಷ್ಟೇ ಮಾತು ಕಲಿತಿದ್ದ ಕೂಸು.

ನೆಟ್ಟಿ ಕುರ್ಚಿಯಲ್ಲಿ ಕೂತು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಳು. ಪ್ರೂಯಿಟ್ ಅಭ್ಯಾಸಬಲದಿಂದ "ಕದಲಬೇಡಿ" ಎಂದುಬಿಟ್ಟು ತುಟಿ ಕಚ್ಚಿಕೊಂಡ.

"ನಾನು ಕದಲಲ್ಲ. ಅವಳೂ ಕದಲಲ್ಲ. ತೆಗೀರಿ" ಎಂದಳು ನೆಟ್ಟಿ.

ಬದುಕಿರುವವರು ಎಷ್ಟೇ ಬಿಗಿಹಿಡಿದರೂ ತುಸು ಅಲುಗುತ್ತಾರೆ. ಫಲಕದಲ್ಲಿ ತಾಯಿಯ ಮುಖ ಸ್ವಲ್ಪ ಕದಡಿತ್ತು. ಮಗುವಿನ ಮುಚ್ಚಿದ ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟವಾಗಿ ಮೂಡಿತ್ತು.

ಪ್ರೂಯಿಟ್‌ಗೆ ಕಣ್ಣು ಮಂದವಾದ ಮೇಲೆ ಅವನು ಪಶ್ಚಿಮದ ಕಡೆ ತಂಗಿಯ ಮನೆಗೆ ಹೋದ. ಫಲಕಗಳ ಪೆಟ್ಟಿಗೆಗಳನ್ನು ನನ್ನ ಅಟ್ಟದಲ್ಲೇ ಬಿಟ್ಟ. ಆಟೋ ತೀರಿಕೊಂಡ. ಕುದುರೆಗಳ ಕಾಲ ಮುಗಿಯುತ್ತಾ ಬಂದಿತ್ತು. ಅವನ ಮಗಳು ಮೀನಾ ಮದುವೆಯಾಗದೆ ಉಳಿದವಳು, ಕೆಳಗೆ ಹೆಂಗಸರ ಟೋಪಿಯಂಗಡಿ ತೆರೆದಳು. ತೊಗಲಿನ ವಾಸನೆಯಿದ್ದ ಕಡೆ ಈಗ ರಿಬ್ಬನ್ನು, ಹಕ್ಕಿಗರಿ.

ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ ಒಂದು ದಿನ ಆಲಿಕಲ್ಲು ಮಳೆ ಬಿದ್ದು ನನ್ನ ಗಾಜಿನ ಮಾಡು ಪುಡಿಯಾಯಿತು. ಹೊಸ ಗಾಜು ಎಲ್ಲೂ ಸಿಗಲಿಲ್ಲ. ಬಡಗಿ ಅಟ್ಟಕ್ಕೆ ಹತ್ತಿ ಹುಡುಕಿ ಪ್ರೂಯಿಟ್‌ನ ಫಲಕಗಳನ್ನು ಇಳಿಸಿದ.

"ಇದೂ ಗಾಜೇ ತಾನೆ, ಮಿಸ್ ಮೀನಾ?"

"ಮಳೆ ಒಳಗೆ ಬರದಿದ್ದರೆ ಸಾಕಪ್ಪ, ಹಾಕು" ಎಂದಳು ಮೀನಾ.

ಮುಂದಿನ ಬೇಸಿಗೆ ಅವಳು ಟೋಪಿಯ ಡಬ್ಬ ತರಲು ಮಧ್ಯಾಹ್ನ ಮೇಲೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಸೂರ್ಯ ನೆತ್ತಿಯ ಮೇಲಿದ್ದ. ನನ್ನ ನೆಲದ ತುಂಬ ಜನ ಮಲಗಿದ್ದರು. ಮಸುಕಾದ ಕಪ್ಪು ಮುಖ, ಉರಿಯುವ ಬಿಳಿಯ ಉಡುಪು. ಬೆಳಕು ಸರಿದಂತೆ ಅವರೂ ಹಲಗೆಯಿಂದ ಹಲಗೆಗೆ ಸರಿಯುತ್ತಿದ್ದರು. ಮೀನಾ ತಲೆಯೆತ್ತಿ ಗಾಜನ್ನು ನೋಡಿದಳು. ಅಲ್ಲಿ ಅವರೆಲ್ಲ ಸ್ಪಷ್ಟವಾಗಿದ್ದರು. ಅವಳ ಅಪ್ಪನೂ ಇದ್ದ. ಒಂದು ಮೂಲೆಯಲ್ಲಿ ನೆಟ್ಟಿ ಮತ್ತು ಓಪಲ್ ಇದ್ದರು.

ನೆಟ್ಟಿಯ ಬಳಿ ಆ ಚಿತ್ರ ಇಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ಗಂಡ ಅದನ್ನು ನೋಡಲಾರದೆ ಎಂದೋ ಒಲೆಗೆ ಹಾಕಿಬಿಟ್ಟಿದ್ದ. ಮೀನಾ ಅವಳನ್ನು ಕರೆತಂದಳು. ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, "ಬೇಡ ಅನ್ನಿಸಿದರೆ ಇಲ್ಲಿಂದಲೇ ವಾಪಸ್ ಹೋಗಿ, ನಾನೇನೂ ಅಂದ್ಕೊಳ್ಳಲ್ಲ" ಎಂದಳು. ನೆಟ್ಟಿ ಹತ್ತಿದಳು.

ಅವಳು ನೆಲದ ಮೇಲೆ, ಆ ಸಣ್ಣ ನೆರಳಿನ ಪಕ್ಕ ಮೊಣಕಾಲೂರಿ ಕೂತಳು. ಮುಟ್ಟಲಿಲ್ಲ. ಬಿಸಿಲು ಹೋಗುವವರೆಗೂ ಅಲ್ಲೇ ಇದ್ದಳು.

"ಆ ಫಲಕ ಇಳಿಸಿ ನಿಮಗೆ ಕೊಡಿಸ್ತೀನಿ. ಬಿಸಿಲಿಗೆ ಬಿಟ್ಟರೆ ಅಳಿಸಿಹೋಗತ್ತೆ. ಬಟ್ಟೆ ಸುತ್ತಿ ಪೆಟ್ಟಿಗೇಲಿ ಇಟ್ಕೊಳ್ಳಿ" ಎಂದಳು ಮೀನಾ.

"ಒಂದು ಸಲ ಪೆಟ್ಟಿಗೇಲಿ ಇಟ್ಟಿದ್ದೀನಿ, ಮೀನಾ. ಇನ್ನೊಂದು ಸಲ ಇಡಲ್ಲ."

ಅಂದಿನಿಂದ ಪ್ರತಿ ಬೇಸಿಗೆ ನೆಟ್ಟಿ ಬಂದಳು. ಮುಖಗಳು ವರ್ಷವರ್ಷಕ್ಕೂ ಮಾಸುತ್ತಿದ್ದವು. ಮದುಮಕ್ಕಳು ಹೋದರು, ಹಂದಿ ಹೋಯಿತು, ಆಟೋನೂ ಹೋದ. ಅವರಿದ್ದ ಕಡೆ ಬರೀ ಗಾಜು ಉಳಿಯಿತು. ಓಪಲ್ ಮಾತ್ರ ಮಾಸಲಿಲ್ಲ.

ಒಂದು ಬೇಸಿಗೆ ನೆಟ್ಟಿ ಮೇಲೆ ನೋಡಿ ಪಿಸುಗುಟ್ಟಿದಳು: "ಮೀನಾ, ಕಣ್ಣು ಬಿಟ್ಟಿದ್ದಾಳೆ."

ಮೀನಾ ಕುರ್ಚಿಯ ಮೇಲೆ ಹತ್ತಿ ಹತ್ತಿರದಿಂದ ನೋಡಿದಳು. ರೆಪ್ಪೆಗಳಿದ್ದ ಕಡೆ ಎರಡು ಚಿಕ್ಕ ಚುಕ್ಕೆಗಳಲ್ಲಿ ಆಕಾಶ ಕಾಣುತ್ತಿತ್ತು. "ಲೇಪ ಉದುರಿದೆ ಅಷ್ಟೆ, ಹಳೇ ಫಲಕ ಅಲ್ವಾ" ಎಂದಳು. ಬೇಗಬೇಗ ಕುರ್ಚಿಯಿಂದ ಇಳಿದಳು. ನನ್ನ ಮಾಡಿನಿಂದ ಮಣ್ಣಿನ ಕಣ ಉದುರಿದರೂ ನನಗೆ ಗೊತ್ತಾಗುತ್ತದೆ. ಆ ಫಲಕದಿಂದ ಏನೂ ಉದುರಿರಲಿಲ್ಲ.

ಅದರ ನಂತರ ತಾಯಿಯ ರೂಪ ಕರಗತೊಡಗಿತು. ಮೊದಲು ಮುಖ ಹೋಯಿತು, ಆಮೇಲೆ ಭುಜ. ಕೊನೆಗೆ ಮಗುವನ್ನು ಬಳಸಿದ್ದ ಕೈಗಳಷ್ಟೇ ಇದ್ದವು, ಮರುವರ್ಷ ಅವೂ ಇರಲಿಲ್ಲ. ನೆಟ್ಟಿಗೆ ಆಗ ವಯಸ್ಸಾಗಿತ್ತು, ಮೀನಾಳ ತೋಳು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಗಾಜನ್ನು ನೋಡಿ, "ನಾನು ಹೋದೆ" ಎಂದಳು. ಆ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮರುವರ್ಷ ಬಿಸಿಲು ಬಂದಾಗ ನನ್ನ ನೆಲದ ಮೇಲೆ ಓಪಲ್ ಒಬ್ಬಳೇ ಇದ್ದಳು. ಯಾರ ಮಡಿಲೂ ಇಲ್ಲದೆ, ಗಾಳಿಯ ಮೇಲೆ ಕೂತಂತೆ ಕೂತಿದ್ದಳು. ಮೀನಾ ಅಂದೇ ಮೇಲಿನ ಕೋಣೆಗೆ ಬೀಗ ಹಾಕಿದಳು.

ಮೀನಾಳ ನಂತರ ನನ್ನನ್ನು ಡ್ವೇನ್ ಕೆಸ್ಲರ್ ಎಂಬ ಪೀಠೋಪಕರಣದ ವ್ಯಾಪಾರಿ ಕೊಂಡ. ಊರ ಹೊರಗೆ ಹೆದ್ದಾರಿಯ ಬದಿಯಲ್ಲಿ ಹೊಸ ಅಂಗಡಿಗಳು ಎದ್ದು, ಗಿರಾಕಿಗಳು ಅತ್ತ ಹೋಗುತ್ತಿದ್ದ ಕಾಲ. ಹಳೆಯದು ಕಂಡರೆ ಜನ ಮುಖ ಸಿಂಡರಿಸುತ್ತಾರೆ ಎಂದು ಅವನು ನನ್ನ ಇಡೀ ಮುಖಕ್ಕೆ ಅಲ್ಯುಮಿನಿಯಂ ತಗಡು ಹೊಡೆಸಿದ. ಬೀದಿ ಕಾಣದಾಯಿತು. ನೀರು ಸೋರುತ್ತದೆಂದು ಗಾಜಿನ ಮಾಡಿಗೆ ದಪ್ಪಗೆ ಡಾಂಬರು ಬಳಿಸಿದ. ಮೇಲಿನ ಅಂತಸ್ತು ಗವಿಯಾಯಿತು.

ನನ್ನ ತೊಲೆಗಳಿಗೆ ಭಾರ ಗೊತ್ತು. ಯಾರು ಎಲ್ಲಿ ನಿಂತಿದ್ದಾರೆಂದು ಹೇಳಬಲ್ಲೆ. ಆ ಕತ್ತಲಲ್ಲಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ, ಬೆಕ್ಕಿನಷ್ಟು ಹಗುರಾದ ಒಂದು ಭಾರ ನನ್ನ ಹಲಗೆಗಳ ಮೇಲೆ ಕೂರುತ್ತಿತ್ತು. ಸ್ವಲ್ಪ ಹೊತ್ತು ಇದ್ದು, ಬಿಸಿಲು ಸರಿಯಬೇಕಾದ ದಿಕ್ಕಿಗೆ ಸರಿದು ಇಲ್ಲವಾಗುತ್ತಿತ್ತು. ನನ್ನಲ್ಲಿ ಬೆಕ್ಕುಗಳಿರಲಿಲ್ಲ. ಬೆಕ್ಕುಗಳು ಮೆಟ್ಟಿಲ ತನಕ ಬಂದು ತಿರುಗಿಹೋಗುತ್ತಿದ್ದವು.

ಒಮ್ಮೆ ಕೆಸ್ಲರ್ ಹಳೆಯ ಮಂಚವೊಂದನ್ನು ಇಡಲು ಜಾಗ ನೋಡೋಣವೆಂದು ಟಾರ್ಚು ಹಿಡಿದು ಬಂದ. ಹೊರಗೆ ನೆತ್ತಿಸುಡುವ ಬಿಸಿಲು. ಅವನು ಟಾರ್ಚಿನ ಬೆಳಕನ್ನು ನೆಲದುದ್ದಕ್ಕೂ ಆಡಿಸಿ, ಒಂದು ಕಡೆ ನಿಲ್ಲಿಸಿದ. ಅಲ್ಲಿ ಆ ಬೆಳಕಿಗೂ ಕರಗದ ನೆರಳಿತ್ತು. ಟಾರ್ಚು ಆರಿಸಿದ. ನೆರಳಿನಲ್ಲಿ ಎರಡು ಚುಕ್ಕೆ ಹೊಳೆಯುತ್ತಿದ್ದವು. ಅವನು ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಇಳಿದ. ಬಾಗಿಲಿಗೆ ಅಡ್ಡಪಟ್ಟಿ ಬಡಿದ. ಮೇಲೇನಿದೆ ಎಂದು ಹೆಂಡತಿ ಕೇಳಿದಾಗ, "ಹಲಗೆ ಕೊಳೆತಿದೆ. ಯಾರೂ ಹೋಗಬೇಡಿ" ಎಂದ.

ಕೆಸ್ಲರ್‌ನ ಅಂಗಡಿಯೂ ಮುಚ್ಚಿತು. ನನ್ನ ಪಕ್ಕದ ಕಟ್ಟಡಗಳನ್ನು ಒಂದೊಂದಾಗಿ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ನನ್ನನ್ನು ಕೆಡವಲೂ ದಿನ ಗೊತ್ತಾಗಿತ್ತು. ಆಗ ರೊಸಾಲ್ಬಾ ಕಿಂತೇರೊ ಬಂದಳು. ಅವಳೂ ಗಂಡ ಎಫ್ರೈನ್‌ನೂ ಮೆಕ್ಸಿಕೋದಿಂದ ಬಂದು ಈ ಊರಿನ ಮಾಂಸದ ಕಾರ್ಖಾನೆಯಲ್ಲಿ ದುಡಿದು ಸವೆದವರು. ಮಕ್ಕಳನ್ನು ಬೆಳೆಸಿ ಮುಗಿಸಿದ ವಯಸ್ಸು. ಒಂದು ಬೇಕರಿ ತೆರೆಯಬೇಕೆಂಬುದು ಅವಳ ಆಸೆ. ಪುರಸಭೆಯ ಸಭೆಯಲ್ಲಿ ಎದ್ದು ನಿಂತು, "ಆ ತಗಡಿನ ಹಿಂದೆ ಒಂದು ಮುಖ ಇದೆ. ನೋಡದೇ ಯಾಕೆ ಕೆಡವ್ತೀರಿ?" ಎಂದು ಕೇಳಿದಳಂತೆ. ನನ್ನನ್ನು ಅವಳಿಗೇ ಕೊಟ್ಟರು.

ತಗಡು ಕಳಚಿದ ದಿನ ಬೀದಿಯಲ್ಲಿ ಜನ ಸೇರಿದ್ದರು. ನನ್ನ ಕಮಾನುಗಳನ್ನು ಕಂಡು ಒಬ್ಬ ಮುದುಕಿ ಅತ್ತಳು. ಎಫ್ರೈನ್ ಮೇಲಿನ ಬಾಗಿಲ ಅಡ್ಡಪಟ್ಟಿ ಕಿತ್ತ, ಮಾಡಿನ ಡಾಂಬರು ಹೆರೆದ. ಹಳೆಯ ಗಾಜು ಬಿರುಕು ಬಿಟ್ಟಿತ್ತು. ಅದನ್ನೆಲ್ಲ ಇಳಿಸಿ ಹೊಸ ಗಾಜು ಕೂರಿಸಿದ. ಇಳಿಸಿದ ಫಲಕಗಳನ್ನು ಬಿಸಿಲಿಗೆ ಹಿಡಿದು ನೋಡಿದ. ಎಲ್ಲವೂ ಖಾಲಿ. ಯಾವುದರಲ್ಲೂ ಯಾರೂ ಇರಲಿಲ್ಲ.

ಆ ಜೂನ್ ತಿಂಗಳ ಒಂದು ಮಧ್ಯಾಹ್ನ ರೊಸಾಲ್ಬಾ ನೆಲ ಉಜ್ಜುತ್ತಿದ್ದಳು. ಹೊಚ್ಚ ಹೊಸ ಗಾಜಿನಿಂದ ಬಿಸಿಲು ಸುರಿಯುತ್ತಿತ್ತು. ಒಂದು ಕಡೆ ಕಲೆ ಹೋಗಲಿಲ್ಲ. ಅವಳು ಮತ್ತೆ ಉಜ್ಜಿದಳು. ಕಲೆ ಸ್ವಲ್ಪ ಪಕ್ಕಕ್ಕೆ ಸರಿಯಿತು. ಅವಳ ಕೈ ನಿಂತಿತು.

ಅವಳು ಓಡಲಿಲ್ಲ. ಚಿಂದಿಬಟ್ಟೆ ಪಕ್ಕಕ್ಕಿಟ್ಟು, ನೋಯುವ ಮಂಡಿ ಹಿಡಿದುಕೊಂಡು ಅಲ್ಲೇ ಕೂತಳು. ಬಹಳ ಹೊತ್ತು ನೋಡಿದಳು. "ಯಾರಮ್ಮಾ ನೀನು? ಒಬ್ಬಳೇ ಇದ್ದೀಯಾ?" ಎಂದು ತನ್ನ ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಬಿಸಿಲು ಸರಿಯಿತು. ನೆರಳು ಅವಳ ಕಾಲಿನ ಹತ್ತಿರ ಬಂತು, ಆಮೇಲೆ ಅವಳ ಲಂಗದ ಮೇಲೆ ಬಂತು. ಮಡಿಲಲ್ಲಿ ನಿಂತಿತು. ಬಿಸಿಲು ಮುಂದೆ ಹೋದರೂ ನೆರಳು ಹೋಗಲಿಲ್ಲ.

ಕೆಳಗಿನಿಂದ ಎಫ್ರೈನ್ ಕೂಗಿದ. ರೊಸಾಲ್ಬಾ ಮಂಡಿಗೆ ಒಂದು ಕೈಯೂರಿ ನಿಧಾನವಾಗಿ ಎದ್ದಳು. ಇನ್ನೊಂದು ತೋಳು ಕೂಸನ್ನು ಎತ್ತಿಕೊಂಡಂತೆ ಸೊಂಟದ ಬಳಿ ಬಳಸಿತ್ತು. ಅವಳು ಮೆಟ್ಟಿಲು ಇಳಿದಾಗ ನಾನು ಒಂದೊಂದು ಮೆಟ್ಟಿಲಿನಲ್ಲೂ ಭಾರ ತೂಗಿದೆ. ಇಬ್ಬರ ಭಾರ. ಮುಂಬಾಗಿಲು ತೆರೆಯಿತು, ಅವರು ಬೀದಿಗೆ ಹೋದರು.

ಮರುದಿನ ರೊಸಾಲ್ಬಾ ಆ ಮಗುವಿನ ಭಾರವಿಲ್ಲದೆ ಬಂದಳು. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅರಳಿತ್ತು.

ಎಫ್ರೈನ್ ಹಿಟ್ಟು ನಾದುತ್ತಾ ಕೇಳಿದ: "ನಿನ್ನೆ ಸಂಜೆ ಮನೆ ಹಿತ್ತಲಲ್ಲಿ ಯಾರ ಜೊತೆ ಮಾತಾಡ್ತಿದ್ದೆ?"

"ಯಾರ ಜೊತೆನೂ ಇಲ್ಲ."

"ಉತ್ತರ ಕೊಡ್ತಿದ್ದರಲ್ಲ?"

ಅವಳು ಓವನ್ನಿನ ಬಾಗಿಲು ಮುಚ್ಚಿದಳು.

ಈಗ ನನ್ನ ಗೋಡೆಗೆ ಐತಿಹಾಸಿಕ ಕಟ್ಟಡವೆಂಬ ಕಂಚಿನ ಫಲಕ ಹಾಕಿದ್ದಾರೆ. ಕೆಳಗೆ ಬ್ರೆಡ್ಡಿನ ವಾಸನೆ, ಜನರ ನಗು. ನನ್ನನ್ನು ಇನ್ನು ಕೆಡವುವುದಿಲ್ಲ. ನಡುಬೇಸಿಗೆಯ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಬಿಸಿಲು ಬರೀ ಬಿಸಿಲಾಗಿ ಬೀಳುತ್ತದೆ. ನನಗೆ ಖುಷಿಯಾಗಬೇಕಿತ್ತು. ಆದರೆ ಇಷ್ಟು ವರ್ಷ ಹೊತ್ತಿದ್ದು ಇಲ್ಲವಾದ ಮೇಲೆ ತೊಲೆಗಳು ಒಂದು ಬಗೆಯಲ್ಲಿ ಸಡಿಲವಾಗುತ್ತವೆ, ಆ ಸಡಿಲನ್ನು ಯಾವ ಎಂಜಿನಿಯರೂ ಅಳೆಯಲಾರ. ರೊಸಾಲ್ಬಾಳ ಮನೆಯಲ್ಲಿ ಏನು ನಡೆಯುತ್ತಿದೆ, ಮಗು ಅಲ್ಲಿ ಬೆಳೆಯುತ್ತಿದೆಯೋ, ಅವಳು ಕರಗುತ್ತಿದ್ದಾಳೋ ನನಗೆ ತಿಳಿಯದು. ಕಟ್ಟಡಗಳು ನಡೆದುಹೋಗಿ ನೋಡಲಾರವು. ಬೆಳಿಗ್ಗೆ ಅವಳು ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ, ನಾನು ಅವಳ ಭಾರ ತೂಗುತ್ತೇನೆ. ಮೊನ್ನೆಯಿಂದ ಅವಳು ಸ್ವಲ್ಪ ಹಗುರವಾಗಿದ್ದಾಳೆ.