ಮದ್ದಿನ ಚೀಟಿ

ಬೆಳಿಗ್ಗೆ ಏಳುವಾಗಲೇ ಪ್ರೇಮಕುಮಾರಿಯ ತುಟಿ ಊದಿತ್ತು. ಒಂದು ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಮೊಣಕೈವರೆಗೆ ಕೆಂಪು ದದ್ದು. ಕೆರೆದಲ್ಲೆಲ್ಲ ನೀರು ಒಸರುತ್ತಿತ್ತು. ಆದರೂ ಕೆಲಸಕ್ಕೆ ಹೊರಟಳು.

ಮಲ್ಲಂದೂರಿನಾಚೆ ಅವಳು ದುಡಿಯುವ ಎಸ್ಟೇಟಿನ ಕಾಫಿಗೆ ಕಾಂಡಕೊರಕ ಹುಳ ಬಿದ್ದಿತ್ತು. ಹೆಂಗಸರು ಗಿಡದ ಕಾಂಡ ಉಜ್ಜಿ, ಬಕೆಟ್ಟಿನ ಮದ್ದಿಗೆ ಬಟ್ಟೆ ಅದ್ದಿ, ಬರಿಗೈಯಲ್ಲಿ ಬಳಿಯಬೇಕು. ಅವಳು ಆ ಕೆಲಸಕ್ಕಿಳಿದು ಮೂರನೆಯ ವರ್ಷ.

ಪ್ರತಿ ಗುರುವಾರ ಎಸ್ಟೇಟಿನ ಸಾಹುಕಾರ ರಂಗನಾಥರು ತಮ್ಮ ಜೀಪಿನಲ್ಲೇ ಒಬ್ಬ ಡಾಕ್ಟರನ್ನು ಕರೆತರುತ್ತಿದ್ದರು.

"ಅಲರ್ಜಿ. ಬದನೆಕಾಯಿ ಬಿಡು" ಎಂದರು ಡಾಕ್ಟರು ಮೊದಲ ಸಲ. ಬಿಟ್ಟಳು. ಮುಂದಿನ ಸಲ ಒಣಮೀನು ಬಿಡಲು ಹೇಳಿದರು. ಆಮೇಲೆ ಮೊಟ್ಟೆ, ಕಡಲೆಬೀಜ, ಹಾಲು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಗಂಜಿ, ಉಪ್ಪು. ದದ್ದು ಹೋಗಲಿಲ್ಲ. ಜೊತೆಗೆ ಉಸಿರು ಕಟ್ಟತೊಡಗಿತು.

"ಡಾಕ್ಟ್ರೇ, ಆ ಮದ್ದಿಂದ ಏನಾದ್ರೂ..."

"ಮದ್ದಿಂದ ಆಗಿದ್ರೆ ಎಲ್ರಿಗೂ ಆಗ್ಬೇಕಿತ್ತಲ್ಲ? ನಿನ್ನ ರಕ್ತದಲ್ಲೇ ದೋಷ ಇದೆ."

ನಂಬಿದಳು. ಮಗಳಿಗೂ ಅಂಟೀತೆಂದು ಅವಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದನ್ನೇ ಬಿಟ್ಟಳು.

ತುಟಿ ಊದಿದ ಆ ದಿನ ಮಧ್ಯಾಹ್ನ ಗಿಡದ ಬುಡದಲ್ಲೇ ಬಿದ್ದಳು. ಗಂಡ ಚನ್ನಕೇಶವ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿದ್ದ ಡಾಕ್ಟರಮ್ಮ ಅವಳ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನು ಕೆಲಸ ಮಾಡ್ತೀರಿ?"

ಮೂರು ವರ್ಷದಲ್ಲಿ ಜೀಪಿನ ಡಾಕ್ಟರು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಹೇಳಿದಳು.

"ಆ ಮದ್ದಿನ ಮೇಲೇ ನನಗೆ ಅನುಮಾನ. ಹೆಸರೇನು ಅದರದ್ದು?"

"ಗೊತ್ತಿಲ್ಲಮ್ಮ. ಮೇಸ್ತ್ರಿ ಕಲಸಿ ಕೊಡ್ತಾರೆ."

"ಡಬ್ಬದ ಜೊತೆ ಒಂದು ಚೀಟಿ ಬರುತ್ತೆ. ಕನ್ನಡದಲ್ಲೂ ಬರೆದಿರುತ್ತೆ. ಅದನ್ನ ತನ್ನಿ. ಅಲ್ಲಿವರೆಗೆ ಅದನ್ನ ಮುಟ್ಟಬೇಡಿ."

ಕನ್ನಡದಲ್ಲಿ! ಪ್ರೇಮಕುಮಾರಿ ಆರನೇ ಕ್ಲಾಸು ಓದಿದವಳು. ಅಂಥ ಚೀಟಿಯನ್ನು ಕಣ್ಣಲ್ಲೂ ಕಂಡಿರಲಿಲ್ಲ.

ಮೇಸ್ತ್ರಿ ಭೂತಯ್ಯ ಅವಳ ಸ್ವಂತ ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಸಾಕಿ, ಮದುವೆ ಮಾಡಿದವನು. ಬಸ್ಸಿಳಿದವಳೇ ಅವನ ಮನೆಗೆ ಹೋದಳು.

"ಚೀಟಿಯಾ? ನಂಗೆಂತ ಗೊತ್ತು ಮಾರಾಯ್ತಿ. ಡಬ್ಬ ಒಡ್ದು ಕಲಸೋದಷ್ಟೇ ನನ್ನ ಕೆಲಸ."

ಅಷ್ಟರಲ್ಲಿ ಅವನ ಮಗಳು ಸುನಂದ ಚಹಾ ತಂದಳು. ಲೋಟ ಹಿಡಿದ ಅವಳ ಕೈ ನುಣ್ಣಗಿತ್ತು. ಮೊದಲ ವರ್ಷ ಅವಳೂ ಹೆಂಗಸರ ಜೊತೆ ಮದ್ದು ಬಳಿದವಳು. ಎರಡೇ ವಾರ. ಆಮೇಲೆ ಭೂತಯ್ಯ ಅವಳನ್ನು ಸಸಿಮಡಿಯ ಕೆಲಸಕ್ಕೆ ಹಾಕಿದ್ದ.

"ಚಿಕ್ಕಪ್ಪ, ಸುನಂದನ್ನ ಮದ್ದಿನ ಕೆಲಸದಿಂದ ಎಂತಕ್ಕೆ ಬಿಡಿಸಿದ್ರಿ?"

ಭೂತಯ್ಯ ತಲೆ ಎತ್ತಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಕಟ್ಟು ತಂದು ಅವಳ ಮುಂದಿಟ್ಟ. ಮಡಿಚಿದ ತೆಳು ಕಾಗದಗಳು.

"ಒಲೆಗೆ ಹಾಕು ಅಂದ್ರು ಸಾಹುಕಾರ್ರು. ಕೈ ಬರ್ಲಿಲ್ಲ."

"ಓದಿದ್ರಾ?"

"ಓದ್ದೆ."

"ಓದಿ ಮಗಳನ್ನ ಉಳಿಸ್ಕಂಡ್ರಿ. ನಾನು ನಿಮ್ಗೆ ಏನೂ ಆಗ್ಬೇಕಿಲ್ವಾ ಚಿಕ್ಕಪ್ಪ?"

ಅವಳು ಚಹಾ ಮುಟ್ಟದೆ ಕಟ್ಟು ಎತ್ತಿಕೊಂಡಳು. ದಾರಿಯುದ್ದಕ್ಕೂ ಅತ್ತಳು. ಸಾಹುಕಾರರು ಹೊರಗಿನವರು. ಡಾಕ್ಟರೂ ಹೊರಗಿನವರು. ಇವನು?

ಮರುದಿನ ಗುರುವಾರ. ಆಸ್ಪತ್ರೆಗೆ ಹೋಗುವ ಮೊದಲು ಅವಳು ಹಾಜರಿ ಕರೆಯುವ ಅಂಗಳಕ್ಕೆ ಬಂದಳು. ಮೂವತ್ತು ಹೆಂಗಸರ ನಡುವೆ ನಿಂತು ಗಟ್ಟಿಯಾಗಿ ಓದತೊಡಗಿದಳು.

"ಇದು ವಿಷ. ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಮೈ ಉರಿ, ಊತ, ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರ ಬಳಿ ಹೋಗಿ ಈ ಚೀಟಿ ತೋರಿಸಬೇಕು."

"ನಂಗೂ ರಕ್ತದ ದೋಷ ಅಂದಿದ್ರಲ್ಲೇ!" ಎಂದಳು ಒಬ್ಬಳು.

"ನಂಗೂ."

"ಯಾರಿಗೂ ಹೇಳ್ಬೇಡ, ಹೆಣ್ಮಕ್ಳಿಗೆ ಗಂಡು ಸಿಕ್ಕಲ್ಲ ಅಂದಿದ್ರು ನಂಗೆ."

ಅಷ್ಟರಲ್ಲಿ ಜೀಪು ಬಂತು. ರಂಗನಾಥರು ಇಳಿದರು. ಅವರ ಹಿಂದೆ ಡಾಕ್ಟರು.

"ಎಂತ ಅದು? ಇಲ್ಲಿ ಕೊಡು."

ಪ್ರೇಮಕುಮಾರಿ ಕೊಡಲಿಲ್ಲ. "ಈ ಚೀಟಿ ಮೂರು ವರ್ಷದಿಂದ ಬರ್ತಾ ಉಂಟು ಸಾಹುಕಾರ್ರೇ. ಒಲೆಗೆ ಹಾಕ್ಸಿದ್ದು ನೀವು. ಹೌದೋ ಅಲ್ವೋ?"

ರಂಗನಾಥರು ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಭೂತಯ್ಯನತ್ತ ನೋಡಿದರು. ಭೂತಯ್ಯ ನೆಲ ನೋಡಿದ. ಡಾಕ್ಟರು ಮೆಲ್ಲನೆ ಮತ್ತೆ ಜೀಪು ಹತ್ತಿ ಕೂತರು.

"ಅದೆಲ್ಲ ಕಂಪನಿಯವ್ರು ಸುಮ್ನೆ ಬರಿಯೋದು. ಹೊತ್ತಾಯ್ತು, ಬಕೆಟ್ ಎತ್ತಿ. ಎತ್ತದವ್ರು ನಾಳೆಯಿಂದ ಬರೋದು ಬೇಡ."

ಯಾರೂ ಅಲುಗಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಗಿಡ್ಡಮ್ಮ ಮುಂದೆ ಬಂದಳು. ಉಗುರು ಉದುರಿಹೋದ ಕೈಯೂರಿ, ಜೀಪಿನ ಎದುರಿಗೇ ನೆಲದ ಮೇಲೆ ಕೂತಳು.

"ಇನ್ನೊಂದ್ಸಲ ಓದು ಮಗ" ಎಂದಳು. "ನಿಧಾನಕ್ಕೆ ಓದು. ನಂಗೆ ಅಕ್ಷರ ಬರಲ್ಲ, ಬಾಯಿಪಾಠ ಆಗ್ಬೇಕು."