ನಡುವಿನ ಗೆರೆ

“ಸಾಲಿ ಬಿಟ್ಟವಗ ಇಂಗ್ಲಿಷ್ ಗ್ವಾಡಿ ಕೊಟ್ಟಿದ್ದು ನಂದೇ ತಪ್ಪು,” ಎಂದರು ಹೆಡ್‌ಮಾಸ್ತರ ಸೂರ್ಯಕಾಂತ. “ಮಂಗ್ಯಾನ ಕೈಯಾಗ ಬ್ರಶ್ ಕೊಟ್ಟಂಗಾತು.”

ಪಾಲಕರ ಸಭೆಗೆ ಬಂದವರೆಲ್ಲ ನಕ್ಕರು.

ಇಂಗ್ಲಿಷ್ ವಾಕ್ಯದಲ್ಲಿ ದೊಡ್ಡಕ್ಷರ ಎಲ್ಲೆಲ್ಲಿ ಬರುತ್ತದೆ ಎಂಬ ನಿಯಮಗಳನ್ನು ಶಾಲೆಯ ಗೋಡೆಗೆ ಬರೆಯಬೇಕಿತ್ತು. ನಾನು ಅಂಗಡಿ ಬೋರ್ಡು ಬರೆಯುವವನು. ಮೇಲೊಂದು, ಕೆಳಗೊಂದು ನೀಲಿ ಪುಡಿ ಹಚ್ಚಿದ ದಾರ ಬಡಿದು ಗೆರೆ ಮೂಡಿಸಿ, ಎರಡು ಗೆರೆಯ ನಡುವೆ ಬರೀ ದೊಡ್ಡಕ್ಷರ ತುಂಬುವುದು ನಮ್ಮ ರೂಢಿ. ಇಲ್ಲಿಯೂ ಹಾಗೇ ತುಂಬಿದ್ದೆ. ದೊಡ್ಡಕ್ಷರ ಕಲಿಸುವ ಗೋಡೆಯಲ್ಲಿ ಸಣ್ಣಕ್ಷರ ಒಂದೂ ಇರಲಿಲ್ಲ.

“ನಾಳಿ ಸಂಜಿತನಾ ನೋಡ್ತೇನಿ. ಸರಿ ಆಗಲಿಲ್ಲಂದ್ರ ಹಿರೋಳ್ಳಿ ಸಾಲಿಗೆ ನಿನ್ನ ಹೆಸರು ಹೇಳಂಗಿಲ್ಲ.”

ಹಿರೋಳ್ಳಿಯ ಕೆಲಸ ಸಿಕ್ಕರೆ ನಾನು ಅಂಗಡಿ ಶಟರ್ ಬರೆಯುವುದು ಬಿಟ್ಟು ಶಾಲೆಗಳ ಪೇಂಟರ್ ಆಗಬಹುದಿತ್ತು. ಸಿಟ್ಟಿಗೆ ಬಣ್ಣದ ಡಬ್ಬಿ ಒದ್ದೆ. ಅದನ್ನು ಎತ್ತಿ ತಂದವಳು ಅತಿಥಿ ಶಿಕ್ಷಕಿ ಮೆಹನಾಜ.

“ಸಿಟ್ಟು ಆಮ್ಯಾಕ ಮಾಡ್ರಿ. ಮೊದಲ ನಡುವ ಇನ್ನೊಂದು ದಾರ ಬಡೀರಿ. ಸಣ್ಣವು ನಡುಗೆರಿಗೆ ತಲಿ ಹಚ್ಚಿ ಕುಂದರ್ತಾವ. ಕೆಲವು ಕೈಕಾಲು ಚಾಚ್ತಾವ, ಚಾಚಲಿ. ದೊಡ್ಡವು ಎದ್ದು ನಿಲ್ತಾವ.”

“ಯಾರ್ಯಾರು ನಿಲ್ಲಬೇಕ್ರಿ?”

“ವಾಕ್ಯದಾಗ ಮೊದಲನೇ ಅಕ್ಷರ. ಮಂದಿ ಹೆಸರು, ಊರು, ವಾರ, ತಿಂಗಳು. ಮತ್ತ ‘ಐ’, ಅಂದ್ರ ನಾನು. ಅದು ವಾಕ್ಯದಾಗ ಎಲ್ಲೇ ಬರಲಿ, ಎದ್ದೇ ನಿಲ್ತದ.”

“ಸಾಲಿ ಬಿಟ್ಟವ ಬರದ್ರೂ?”

“ಯಾರು ಬರದ್ರೂ. ಇಂಗ್ಲಿಷಿಗೇನು ನಿಮ್ಮ ಟಿಸಿ ಬೇಕಾಗಿಲ್ಲ.”

ಗೋಡೆಗೆ ಮತ್ತೆ ಬಿಳಿ ಬಣ್ಣ ಹೊಡೆದೆ, ಮೂರು ಗೆರೆ ಹಾಕಿದೆ. ಅವಳು ಸ್ಲೇಟಿನಲ್ಲಿ ತೋರಿಸುತ್ತಿದ್ದಳು. ನಡುವೆ ಎಲ್ಲೋ ಮಾವಿನಹಣ್ಣಿನ ಮೊದಲಕ್ಷರವನ್ನೂ ಎಬ್ಬಿಸಿ ನಿಲ್ಲಿಸಿಬಿಟ್ಟೆ.

“ಹಣ್ಣಿಗ್ಯಾಕ್ರಿ ಅಷ್ಟು ಮರ್ಯಾದಿ?” ಎಂದಳು. ಒರೆಸಿದೆ.

ಮರುದಿನ ಪೇಂಟರು ಹೆಸರು ಹಾಕುವ ಕೆಳಮೂಲೆಯಲ್ಲಿ ನಾನೇ ಯೋಚಿಸಿ, ಸ್ಲೇಟು ನೋಡದೆ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದೆ. ಕರಜಗಿಯ ಧಮ್ಮಪಾಲನಾದ ನಾನು ಈ ಗೋಡೆಯನ್ನು ಮಂಗಳವಾರ ಬರೆದೆ ಎಂದು. ವಾಕ್ಯದಲ್ಲಿ ಗೋಡೆ ಸಣ್ಣಕ್ಷರದಲ್ಲಿ ಕುಳಿತಿತ್ತು. ಊರು, ವಾರ, ಹೆಸರು, ನಾನು, ಎಲ್ಲರೂ ನಿಂತಿದ್ದೆವು. ಮೆಹನಾಜ ಎರಡು ಸಲ ಓದಿದಳು, ಏನನ್ನೂ ತಿದ್ದಲಿಲ್ಲ.

ಸಂಜೆ ಮಕ್ಕಳು ಅಕ್ಷರಗಳ ಹತ್ತಿರ ಬೆರಳು ತಂದು, ಹಸಿ ಬಣ್ಣಕ್ಕೆ ಹೆದರಿ ಹಿಂದೆಳೆಯುತ್ತ ಓದುತ್ತಿದ್ದರು. ಮಾಸ್ತರು ಮೇಲಿನಿಂದ ಮೂಲೆಯವರೆಗೂ ಓದಿದರು.

“ಹಿರೋಳ್ಳಿಗೆ ಫೋನ್ ಮಾಡ್ತೇನಿ,” ಎಂದರು. ಆಮೇಲೆ ಮತ್ತೆ ಮೂಲೆಗೆ ಬಗ್ಗಿ, “ಇದು ಯಾರು ಬರದು ಕೊಟ್ರಲೇ ನಿನಗ?”

ಬೆರಳಿಗೆ ನೀಲಿ ದಾರ ಸುತ್ತಿಕೊಂಡೆ. ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ನಡೆದೆ.